ಸುಗಿ ಹಲಗೆಯ ಮೇಲೆ ಬೆಳ್ಳಕ್ಕಿ: ಬಿಳಿ ಕಂದುತ್ತಿದೆ, ಹಲಗೆ ಬಾಗುತ್ತಿದೆ, ದಾರಿ ಹೇಳಿ

ಕಾಮೊ ದಂಡೆ (ಕ್ಯೋಟೊ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವಳು. ಮದುವೆಯಾಗಿ ಕ್ಯೋಟೊಕ್ಕೆ ಬಂದು ಒಂಬತ್ತು ವರ್ಷ ಆಯಿತು. ಮನೆಯಿಂದ ಕಾಮೊ ಹೊಳೆಗೆ ಹತ್ತು ನಿಮಿಷದ ದಾರಿ. ನಾಲ್ಕು ವರ್ಷದಿಂದ ವಾರಕ್ಕೊಂದು ದಿನ ಇಲ್ಲಿಯ ಹಿರಿಯರೊಬ್ಬರ ಹತ್ತಿರ ನಿಹೊಂಗಾ ಕಲಿಯುತ್ತಿದ್ದೇನೆ. ಕಲ್ಲಿನ ಪುಡಿ, ಚಿಪ್ಪಿನ ಪುಡಿಯನ್ನು ಪ್ರಾಣಿಯ ಅಂಟಿನಲ್ಲಿ ಕಲಸಿ ಬರೆಯುವ ಜಪಾನಿನ ಹಳೆಯ ಪದ್ಧತಿ ಅದು. ಗುರುಗಳಿಗೆ ಎಂಬತ್ತು ದಾಟಿದೆ. ಈ ಚಳಿಗಾಲ ಹಾಸಿಗೆ ಹಿಡಿದಿದ್ದಾರೆ. ಇಂಥ ಹೊತ್ತಿನಲ್ಲಿ ನನ್ನ ಹಲಗೆಯ ಚಿಂತೆ ಹೊತ್ತುಕೊಂಡು ಅವರ ಬಾಗಿಲು ತಟ್ಟಲು ಮನಸ್ಸು ಬರುತ್ತಿಲ್ಲ. ಇಲ್ಲಿ ಮರಗೆಲಸದವರೂ ಇದ್ದೀರಿ, ಚಿತ್ರ ಬರೆಯುವವರೂ ಇದ್ದೀರಿ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಇದೆಲ್ಲ ಶುರುವಾದದ್ದು ಯೋಗೆನ್‌ಇನ್ ಎಂಬ ದೇವಾಲಯದಲ್ಲಿ. ಸಾಂಜೂಸಾಂಗೆನ್‌ದೋ ಎಂಬ ಹೆಸರಾದ ದೇವಾಲಯದ ಪಕ್ಕದಲ್ಲೇ ಇದೆ. 1594ರಲ್ಲಿ ಕಟ್ಟಿದ್ದು, ಬೆಂಕಿಗೆ ಹೋಗಿ 1621ರಲ್ಲಿ ಮತ್ತೆ ಎದ್ದದ್ದು. ಅದರ ಮೊಗಸಾಲೆಯ ತುದಿಯಲ್ಲಿ ಸುಗಿ, ಅಂದರೆ ಜಪಾನಿನ ಸೀಡರ್ ಮರದ ಬಾಗಿಲುಗಳಿವೆ, ಆ ಬಾಗಿಲುಗಳ ಮೇಲೆ ತವರಾಯ ಸೋತತ್ಸು ಎಂಬ ಚಿತ್ರಕಾರ ಬರೆದ ಬಿಳಿ ಆನೆಗಳಿವೆ. ಬಾಗಿಲಿನ ತುಂಬ ಒಂದೇ ಆನೆ. ಬೆನ್ನಿಗೆ ಒಂದು ಎಳೆತ, ಸೊಂಡಿಲಿಗೆ ಒಂದು, ಮಡಿಚಿದ ಕಾಲಿಗೆ ಒಂದು. ಉಳಿದದ್ದೆಲ್ಲ ಬರಿಯ ಬಿಳಿ. ಆನೆಯೇ ಇಲ್ಲದ ನಾಡಿನವನು ಬರೆದದ್ದು! ಜಾತ್ರೆಯಲ್ಲಿ ಆನೆಯ ಪಕ್ಕದಲ್ಲಿ ನಿಂತು ಬೆಳೆದ ನನಗೆ ಅದರ ಭಾರ ಕಾಲಡಿಯಲ್ಲಿ ತಿಳಿಯಿತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆನೆಗಿಂತ ಹೆಚ್ಚಾಗಿ ಆನೆಯ ಸುತ್ತ ಇದ್ದದ್ದು. ಅಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಬರೆದಿಲ್ಲ. ಕಾಗದ ಅಂಟಿಸಿಲ್ಲ, ಚಿನ್ನದ ರೇಕು ಹಾಕಿಲ್ಲ. ಮರ ಮರವಾಗಿಯೇ ಇದೆ. ನಾನೂರು ವರ್ಷವಾದ ಮೇಲೆ ಈಗ ಅಲ್ಲಲ್ಲಿ ಬಿಳಿ ಸವೆದು ಸುಗಿಯ ಗೆರೆಗಳು ಆನೆಯ ಮೈಯೊಳಗಿಂದಲೂ ಕಾಣುತ್ತವೆ. ಹೀಗೆ ಸುಗಿ ಬಾಗಿಲಿನ ಮೇಲೆ ನೇರವಾಗಿ ಬರೆಯುವುದಕ್ಕೆ ಇಲ್ಲಿ ಸುಗಿತೋ-ಎ ಎನ್ನುತ್ತಾರೆ. ಒಳಗೆ ಫೋಟೊ ತೆಗೆಯುವಂತಿಲ್ಲ, ಹಾಗಾಗಿ ಮೂರು ಸಲ ಹೋಗಿ ನಿಂತು ನೋಡಿ ಬಂದೆ.

ನನ್ನ ಅಜ್ಜ ಆಚಾರಿ. ಅಜ್ಜ ಹಲಸಿನ ಹಲಗೆಗೆ ಹತ್ತರಿ ಹೊಡೆಯುವಾಗ ಸುರುಳಿ ಸುರುಳಿಯಾಗಿ ಬೀಳುವ ಹಳದಿ ಹೊಟ್ಟನ್ನು ಆಯ್ದು ಕಿವಿಗೆ ಸಿಕ್ಕಿಸಿಕೊಂಡು ಓಡಾಡಿದವಳು ನಾನು. ಅದಕ್ಕೋ ಏನೋ, ಮರವನ್ನು ಬಣ್ಣದಿಂದ ಪೂರ್ತಿ ಮುಚ್ಚಿಬಿಡುವುದು ನನಗೆ ಯಾವತ್ತೂ ಹಿಡಿಸಿಲ್ಲ. ಆನೆ ನೋಡಿ ಬಂದ ದಿನವೇ ನಿಶ್ಚಯ ಮಾಡಿದೆ: ನಾನೂ ಸುಗಿಯ ಮೇಲೆ ಬರೆಯಬೇಕು, ಕಾಮೊ ಹೊಳೆಯ ಬೆಳ್ಳಕ್ಕಿಯನ್ನು ಬರೆಯಬೇಕು.

ಈ ಬೆಳ್ಳಕ್ಕಿಗೆ ಇಲ್ಲಿ ಕೊಸಾಗಿ ಎಂದು ಹೆಸರು. ನಮ್ಮ ಗದ್ದೆಯಲ್ಲೂ ಇದೇ ಹಕ್ಕಿ. ಕಾಲು ಕಪ್ಪು, ಬೆರಳು ಮಾತ್ರ ಹಳದಿ. ಆಳವಿಲ್ಲದ ನೀರಿನಲ್ಲಿ ನಿಂತು ಒಂದು ಕಾಲನ್ನು ಮುಂದೆ ಚಾಚಿ ಆ ಹಳದಿ ಬೆರಳುಗಳನ್ನು ನಡುಗಿಸುತ್ತದೆ. ಕೆಸರಿನಡಿಯಿಂದ ಮೀನು ಬೆದರಿ ಹೊರಗೆ ಬಂದರೆ ಕೊಕ್ಕು ಕುಕ್ಕುತ್ತದೆ. ಆ ಕಾಲು ನಡುಗುವ ಗಳಿಗೆಯನ್ನೇ ಹಿಡಿಯಬೇಕು ಎಂದು ಎರಡು ಚಳಿಗಾಲ ದಂಡೆಯ ಮೇಲೆ ಕುಳಿತು ಗೀಚಿದ್ದೇನೆ.

ಹಲಗೆ ನಾರಾ ಜಿಲ್ಲೆಯ ಯೋಶಿನೊ ಕಾಡಿನದು. ಅಲ್ಲಿ ಸಸಿಗಳನ್ನು ಒತ್ತೊತ್ತಾಗಿ ನೆಡುತ್ತಾರೆ, ಒಂದೊಂದು ಹೆಕ್ಟೇರಿಗೆ ಎಂಟು ಹತ್ತು ಸಾವಿರ. ಮರ ನಿಧಾನವಾಗಿ ದಪ್ಪವಾಗುವುದರಿಂದ ಬಳೆಗಳು ಬಹಳ ಸಣ್ಣ. 91 ಸೆಂ.ಮೀ. ಉದ್ದ, 36 ಸೆಂ.ಮೀ. ಅಗಲ, 18 ಮಿ.ಮೀ. ದಪ್ಪ. ಅಡ್ಡಲಾಗಿ ಇಟ್ಟರೆ ಮೇಲಿನ ಅರ್ಧ ಕೆಂಪು ಚೇಗು, ಕೆಳಗಿನ ಅರ್ಧ ಹೊರಗಿನ ಬಿಳಿ ಮರ. ಬಲಗಡೆ ಕೆಳಗೆ ಒಂದು ಗಂಟು ಇದೆ. ಗೆರೆಗಳು ಅದರ ಎಡಕ್ಕೆ ಬಂದು ಎರಡಾಗಿ ಒಡೆದು, ಬಳಸಿ, ಬಲಕ್ಕೆ ಮತ್ತೆ ಕೂಡಿಕೊಳ್ಳುತ್ತವೆ. ಕಲ್ಲಿಗೆ ಬಡಿದ ನೀರು ಥೇಟ್ ಹಾಗೇ ಹರಿಯುತ್ತದೆ. ಅಂಗಡಿಯಲ್ಲಿ ಅದನ್ನು ನೋಡಿದ ಕೂಡಲೇ ಹೊಳೆ ನಾನು ಬರೆಯಬೇಕಾಗಿಲ್ಲ, ಮರವೇ ಬರೆದು ಇಟ್ಟಿದೆ, ಹಕ್ಕಿಯನ್ನು ಕಲ್ಲಿನ ಪಕ್ಕ ನಿಲ್ಲಿಸಿದರೆ ಸಾಕು ಅನ್ನಿಸಿತು.

ಈಗ ತೊಂದರೆ ಹೇಳುತ್ತೇನೆ. ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ 240, ಆಮೇಲೆ 400 ನಂಬರಿನ ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿದೆ. ಮಸಿಯಲ್ಲಿ ಕಾಲಿನ ಗೆರೆ ಎಳೆದರೆ ಗೆರೆಯ ಎರಡೂ ಕಡೆಗೆ ಮೀನಿನ ಮುಳ್ಳಿನ ಹಾಗೆ ಮಸಿ ಹರಿಯಿತು, ಮೆತ್ತಗಿನ ಪದರ ಇದ್ದಲ್ಲೆಲ್ಲ. ಮೈಗೆ ಗೊಫುನ್ ಹಚ್ಚಿದೆ. ಸಿಂಪಿ ಚಿಪ್ಪನ್ನು ವರ್ಷಗಟ್ಟಲೆ ಬಿಸಿಲು ಮಳೆಗೆ ಬಿಟ್ಟು ಅರೆದ ಬಿಳಿ ಅದು. ಗುರುಗಳು ಹೇಳಿಕೊಟ್ಟಂತೆ ಅಂಟು ಹಾಕಿ ನಾದಿ, ಉಂಡೆ ಕಟ್ಟಿ, ಬಟ್ಟಲಿಗೆ ನೂರು ಸಲ ಬಡಿದು, ಆಮೇಲೆ ಕರಗಿಸಿದೆ. ಮೂರು ತೆಳು ಲೇಪ. ಹಚ್ಚುವಾಗ ಇದ್ದೂ ಇಲ್ಲದ ಹಾಗೆ ಕಂಡು, ಒಣಗಿದ ಹಾಗೆ ಒಳಗಿನಿಂದ ಬೆಳಕು ಬಂದಂತೆ ಬಿಳಿ ಏರುತ್ತದೆ, ನೋಡಲು ಕಣ್ಣು ಸಾಲದು. ಎರಡು ವಾರಕ್ಕೆ ರೆಕ್ಕೆಯ ಕೆಳಗೆ ಚಹಾ ಚೆಲ್ಲಿದ ಬಣ್ಣದ ಕಲೆ ಎದ್ದಿತು. ದಿನಾ ಸ್ವಲ್ಪ ದೊಡ್ಡದಾಗುತ್ತಿದೆ.

ಹಲಗೆಯೂ ಬಾಗುತ್ತಿದೆ, ನಡುವೆ ಐದು ಮಿಲಿಮೀಟರ್ ತಗ್ಗು ಬಿದ್ದಿದೆ. ಇದಕ್ಕೆ ಮೊದಲು ಅಭ್ಯಾಸಕ್ಕೆಂದು ತಂದ ಇನ್ನೊಂದು ಹಲಗೆಯ ಹಿಂದೆ ಎರಡು ಪಟ್ಟಿ ಅಂಟು ಹಾಕಿ ಸ್ಕ್ರೂ ಬಿಗಿದಿದ್ದೆ. ಜನವರಿಯ ಒಂದು ರಾತ್ರಿ ಹೀಟರ್ ಹಾಕಿ ಮಲಗಿದ್ದಾಗ ಟಪ್ ಎಂದು ಸದ್ದು. ಬೆಳಿಗ್ಗೆ ನೋಡಿದರೆ ತುದಿಯಿಂದ ಒಂದು ಗೇಣು ಸೀಳು. ಆ ಹೆದರಿಕೆಗೆ ಈ ಹಲಗೆಗೆ ಹಿಂದೆ ಏನೂ ಹಾಕಿಲ್ಲ.

ಮಸಿ ಹರಿಯದಂತೆ ಏನು ಮಾಡಬೇಕು? ಬಿಳಿಯ ಕಲೆ ತಡೆಯುವುದು ಹೇಗೆ? ಹಲಗೆಯನ್ನು ಸೀಳದಂತೆ ನೆಟ್ಟಗೆ ಇಡುವುದು ಹೇಗೆ? ಗುರುಗಳಿಗೆ ಇದನ್ನು ತೋರಿಸಬೇಕು ಎಂಬ ಆಸೆ ನನಗೆ ಬಹಳ ಇದೆ.

ಸಾಗರದ ಆಚಾರಿ ಉತ್ತರಿಸಿದ್ದು:

ತಂಗೀ, ನಿನ್ನಜ್ಜ ಆಚಾರಿ ಅಂದೆಯಲ್ಲ, ಆ ಸಲುಗೆಯಿಂದ ನೀನು ಅನ್ನುತ್ತೇನೆ. ಮೂವತ್ತೈದು ವರ್ಷದಿಂದ ಬಾಗಿಲು, ಕಿಟಕಿ, ದೇವರ ಮಂಟಪ ಮಾಡುತ್ತಿದ್ದೇನೆ. ಸುಗಿ ಮುಟ್ಟಿಲ್ಲ. ಆದರೆ ಮರ ಎಲ್ಲಿಯದಾದರೂ ಅದರ ಗುಣ ಒಂದೇ.

ಮೊದಲು ಹಲಗೆಯ ತುದಿ ನೋಡು, ಗರಗಸ ಕೊಯ್ದ ಕಡೆ. ಬಳೆಗಳು ಗುಡ್ಡದ ಹಾಗೆ ಮೇಲಕ್ಕೆ ಬಾಗಿದ್ದರೆ ನೀನು ಬರೆದ ಮುಖ ತೊಗಟೆ ಕಡೆಯದು. ಹಲಗೆ ಒಣಗುವಾಗ ಆ ಬಳೆಗಳು ನೆಟ್ಟಗಾಗಲು ನೋಡುತ್ತವೆ, ಅಂಚುಗಳು ಮೇಲೇಳುತ್ತವೆ, ನಡು ಬೋಗುಣಿಯ ಹಾಗೆ ತಗ್ಗುತ್ತದೆ. ನಡುವೆ ತಗ್ಗು ಅಂದೆಯಲ್ಲ, ಅದೇ ಇರಬೇಕು. ಇದು ಹಲಗೆಯ ದೋಷ ಅಲ್ಲ, ಸ್ವಭಾವ. ಜೊತೆಗೆ ನೀನು ಒಂದೇ ಮುಖಕ್ಕೆ ಅಂಟು ಬಣ್ಣ ಹಚ್ಚಿದ್ದೀಯ, ಹಿಂಬದಿ ಬರಿದಾಗಿದೆ. ಹಿಂದಿನಿಂದ ತೇವ ಬೇಗ ಹೋಗುತ್ತದೆ, ಬೇಗ ಬರುತ್ತದೆ. ಮುಂದೆ ಏನು ಹಚ್ಚಿದರೂ ಹಿಂದೆಯೂ ಅದರ ಅಡಿಲೇಪ ಕೊಡು.

ಇನ್ನು ಸೀಳಿದ್ದು. ಮರ ಉದ್ದಕ್ಕೆ ಹೆಚ್ಚುಕಮ್ಮಿ ಆಗುವುದೇ ಇಲ್ಲ ಅನ್ನಬಹುದು. ಅಗಲಕ್ಕೆ ಮಾತ್ರ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನೀನು ಪಟ್ಟಿಯನ್ನು ಅಂಟು ಹಾಕಿ, ಸ್ಕ್ರೂ ಬಿಗಿದು ಅದನ್ನು ಅಗಲಕ್ಕೆ ಕಟ್ಟಿಹಾಕಿದೆ. ಹೀಟರ್ ಬಿಸಿಗೆ ಕುಗ್ಗಲು ಹೊರಟಿತು, ಜಾಗ ಇರಲಿಲ್ಲ, ಹರಿದುಕೊಂಡಿತು. ಪಟ್ಟಿ ಬೇಕು, ಆದರೆ ಅಂಟು ಬೇಡ. ಹಲಗೆಯ ಹಿಂದೆ ಅಡ್ಡಲಾಗಿ ಒಂದು ಗಾಡಿ, ಅಂದರೆ ಉದ್ದನೆಯ ತೋಡು, ತೆಗೆಸು. ಬಾಯಿ ಕಿರಿದು, ತಳ ಅಗಲ, ಡವ್‌ಟೇಲ್ ಆಕಾರ. ಆಳ ದಪ್ಪದ ಮೂರರಲ್ಲೊಂದು ಪಾಲು, ಅಂದರೆ ಆರು ಮಿಲಿಮೀಟರ್ ಸಾಕು. ಅದೇ ಆಕಾರಕ್ಕೆ ಗಟ್ಟಿ ಮರದ ಪಟ್ಟಿ ಕೆತ್ತಿ ಪಕ್ಕದಿಂದ ತೂರಿಸಬೇಕು. ಪಟ್ಟಿ ಹಲಗೆಯನ್ನು ಬಾಗಲು ಬಿಡುವುದಿಲ್ಲ, ಹಿಗ್ಗಲು ಕುಗ್ಗಲು ಮಾತ್ರ ಬಿಡುತ್ತದೆ. ಅಳತೆ ಹೇಗೆ ಗೊತ್ತಾ? ಕೈಯಿಂದ ಮುಕ್ಕಾಲು ಹೋಗಬೇಕು, ಕೊನೆಯ ಕಾಲು ಭಾಗಕ್ಕೆ ಕೊಡತಿಯ ಮೆತ್ತನೆ ಪೆಟ್ಟು. ಅದಕ್ಕಿಂತ ಬಿಗಿ ಬೇಡ.

ಉಪ್ಪುಕಾಗದ ಹಾಕಬಾರದಿತ್ತು. ಮೆತ್ತನೆ ಮರಕ್ಕೆ ಉಪ್ಪುಕಾಗದ ಹಾಕಿದರೆ ನಾರು ಹರಿದು ಜುಂಗು ಏಳುತ್ತದೆ, ಬಾಯಿ ತೆರೆದ ಹಾಗೆ. ಮಸಿ ಕುಡಿಯದೆ ಏನು ಮಾಡೀತು? ಹರಿತವಾದ ಹತ್ತರಿ ನಾರನ್ನು ಕತ್ತರಿಸಿ ಬಿಡುತ್ತದೆ, ಮೈ ಹೊಳೆಯುತ್ತದೆ, ನೀರು ಹನಿಯಾಗಿ ನಿಲ್ಲುತ್ತದೆ. ಹಲಗೆ 18 ಮಿ.ಮೀ. ಇದೆ. ಪಟ್ಟಿ ಕೂರಿಸಿದ ಮೇಲೆ ಒಳ್ಳೆಯ ಕೈಯವನಿಂದ ಮುಖಕ್ಕೆ ಹೊಸದಾಗಿ ಹತ್ತರಿ ಹೊಡೆಸಿಬಿಡು. ಜುಂಗೂ ಹೋಗುತ್ತದೆ, ಹರಿದ ಮಸಿಯೂ ಹೋಗುತ್ತದೆ.

ಆಟಿಕೆ ಊರು ಉತ್ತರಿಸಿದ್ದು:

ಮೇಡಂ, ನಾನು ಚನ್ನಪಟ್ಟಣದವನು. ಬಿಳಿ ಕಂದುವುದಕ್ಕೆ ನನ್ನ ಸಲಹೆ: ಅರಗು. ನಮ್ಮಲ್ಲಿ ಆಲೆ ಮರದ ಗೊಂಬೆ ಲೇತಿನಲ್ಲಿ ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತುತ್ತೇವೆ. ತಿಕ್ಕಿದ ಬಿಸಿಗೆ ಕರಗಿ ಮರಕ್ಕೆ ಹಿಡಿದುಕೊಳ್ಳುತ್ತದೆ, ತಾಳೆಗರಿಯಿಂದ ಉಜ್ಜಿದರೆ ಹೊಳಪು. ಮರದ ರಸ ಹೊರಗೆ ಬರುವ ಪ್ರಶ್ನೆಯೇ ಇಲ್ಲ. ಜಪಾನಿನವರೂ ಲ್ಯಾಕರ್ ಕೆಲಸಕ್ಕೆ ಹೆಸರಾದವರು, ಅದೂ ಇದೂ ಒಂದೇ ಅಲ್ಲವೇ? ಅಲ್ಲೇ ಸಿಗಬೇಕು.

ಉಎನೊ ಕಡೆ (ಟೋಕಿಯೊ) ಉತ್ತರಿಸಿದ್ದು:

ನಾನು ಇಲ್ಲಿ ಹಳೆಯ ಚಿತ್ರಗಳ ಸಂರಕ್ಷಣೆ ಓದುತ್ತಿರುವ ವಿದ್ಯಾರ್ಥಿ, ಊರು ದಾವಣಗೆರೆ. ಒಂದೊಂದಾಗಿ ಹೇಳುತ್ತೇನೆ.

ಚನ್ನಪಟ್ಟಣದ ಅಣ್ಣನಿಗೆ ಮೊದಲು. ನಮ್ಮ ಅರಗು ಹುಳ ಸುರಿಸುವ ಗೋಂದು. ಇಲ್ಲಿಯ ಉರುಷಿ ಮರದ ಸೊನೆ. ಆ ಮರ ನಮ್ಮ ಮಾವು, ಗೇರಿನ ಕುಟುಂಬದ್ದೇ. ಮಾವಿನ ಸೊನೆ ತುಟಿಗೆ ತಾಗಿದರೆ, ಗೇರುಬೀಜದ ಸಿಪ್ಪೆಯ ಎಣ್ಣೆ ಕೈಗೆ ತಾಗಿದರೆ ಏನಾಗುತ್ತದೋ ಅದರ ಹತ್ತರಷ್ಟು ಉರಿ, ಬೊಬ್ಬೆ. ಇನ್ನೊಂದು ಆಶ್ಚರ್ಯ, ಅದು ಬಿಸಿಲಿಗೆ ಒಣಗುವುದಿಲ್ಲ. ತೇವ ಬೇಕು. ಗಾಳಿಯಲ್ಲಿ ಶೇ. 70ರಿಂದ 80ರಷ್ಟು ತೇವ ಇಟ್ಟ ಪೆಟ್ಟಿಗೆಯೊಳಗೆ ಗಟ್ಟಿಯಾಗಿಸುತ್ತಾರೆ. ಅಕ್ಕಾ, ನೀವು ಮನೆಯಲ್ಲಿ ಅದಕ್ಕೆ ಕೈ ಹಾಕಬೇಡಿ. ಹಚ್ಚಿದರೂ ಹಲಗೆ ಕಂದು ಬಣ್ಣಕ್ಕೆ ತಿರುಗಿ ನಿಮ್ಮ ಹೊಳೆ ಮುಳುಗಿಹೋಗುತ್ತದೆ.

ಆದರೆ ಅರಗಿನ ಮಾತು ಪೂರ್ತಿ ತಪ್ಪಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅಂದರೆ ನಮ್ಮ ಫ್ರೆಂಚ್ ಪಾಲಿಶ್, ಮರದ ಕಲೆ ಮೇಲೆ ಬರದಂತೆ ತಡೆಯುವುದರಲ್ಲಿ ಗಟ್ಟಿ. ಕಷ್ಟ ಏನೆಂದರೆ ಅದರ ಮೇಲೆ ನೀರಿನ ಬಣ್ಣ ಸರಿಯಾಗಿ ಕೂರುವುದಿಲ್ಲ, ಹನಿಗಟ್ಟುತ್ತದೆ. ಮತ್ತೆ ಹೊಳಪು. ಸುಗಿತೋ-ಎ ಅಂದರೆ ಮರದ ಮಂಕು ಮೈ, ಆ ಮಂಕೇ ಅದರ ಜೀವ. ಹಾಕಲೇಬೇಕಾದರೆ ಮೇಣ ತೆಗೆದ ಅರಗು, ಬಹಳ ತೆಳ್ಳಗೆ, ಹಕ್ಕಿಯ ಮೈ ಬರುವ ಜಾಗಕ್ಕೆ ಮಾತ್ರ. ಮೊದಲು ತುಂಡು ಹಲಗೆಯ ಮೇಲೆ ನೋಡಿ.

ಇಲ್ಲಿಯವರು ಮಾಡುವುದು ದೋಸಾ. ಹೆಸರು ಹಾಗೇ, ನಮ್ಮ ದೋಸೆಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ನಿಕಾವಾ ಅಂಟನ್ನು ತೆಳುವಾಗಿ ನೀರಿನಲ್ಲಿ ಕರಗಿಸಿ, ಸ್ವಲ್ಪ ಪಟಿಕ ಸೇರಿಸಿದ ತಿಳಿ. ಅಂಟು ಕುದಿಯಬಾರದು. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಪಟಿಕ ಹೆಚ್ಚಾದರೆ ಹುಳಿಯ ಗುಣ ಬಂದು ಕಾಲಾಂತರದಲ್ಲಿ ಹಾಳು. ಒಂದು ದಪ್ಪ ಲೇಪಕ್ಕಿಂತ ಎರಡು ಮೂರು ತೆಳು ಲೇಪ, ನಡುವೆ ಪೂರ್ತಿ ಒಣಗಬೇಕು. ಕಾಗದಕ್ಕೆ ಕೊಡುವುದನ್ನೇ ಮರಕ್ಕೂ ಕೊಡುತ್ತಾರೆ. ನೀವು ತರಗತಿಯಲ್ಲಿ ದೋಸಾ ಹಾಕಿದ ಕಾಗದವನ್ನೇ ಕೊಂಡು ಬರೆದಿರಬೇಕು, ಅದಕ್ಕೇ ಈ ಹೆಜ್ಜೆ ನಿಮ್ಮ ಕೈಗೆ ಬಂದಿಲ್ಲ.

ಸಾಗರದ ಆಚಾರರು ಹೇಳಿದ ಪಟ್ಟಿಗೆ ಇಲ್ಲಿ ಅರಿ-ಜಾನ್ ಎನ್ನುತ್ತಾರೆ. ಅರಿ ಅಂದರೆ ಇರುವೆ. ನಾವು ಪಾರಿವಾಳದ ಬಾಲ ಅನ್ನುವುದರಲ್ಲಿ ಇವರು ಇರುವೆಯ ತಲೆ ಕಂಡಿದ್ದಾರೆ. ಯಾವ ಪೀಠೋಪಕರಣದವನ ಹತ್ತಿರ ಹೋಗಿ ಈ ಒಂದು ಪದ ಹೇಳಿದರೂ ಸಾಕು, ಅರ್ಥವಾಗುತ್ತದೆ.

ಇನ್ನೊಂದು ವಿಷಯ. ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಕಾನೊ ಎಯ್ತೊಕು ಬರೆದದ್ದೆಂದು ಹೇಳುವ ಹಿನೋಕಿ ಮರದ ದೊಡ್ಡ ಚಿತ್ರ ಇದೆ, 1590ರ ಹೊತ್ತಿನದು. ಚಿನ್ನದ ನಡುವೆ ಒಂದೇ ಮರ ಮೈಮುರಿದು ಹಬ್ಬಿದೆ. ಈಗ ಅದು ಮಡಿಸುವ ತೆರೆ, ಮೊದಲು ಮನೆಯ ಜಾರುಬಾಗಿಲಾಗಿತ್ತು. ಹತ್ತಿರ ನಿಂತು ನೋಡಿದರೆ ಬಾಗಿಲ ಹಿಡಿ ಇದ್ದ ಜಾಗದ ಗುರುತು ಚಿನ್ನದ ಮೇಲೆ ಕಾಣುತ್ತದೆ. ನಾನು ಆ ಗುರುತಿನ ಮುಂದೆ ಬಹಳ ಹೊತ್ತು ನಿಂತಿದ್ದೇನೆ. ದಿನಾ ಕೈ ಮುಟ್ಟಿದ, ಎಳೆದ, ಮುಚ್ಚಿದ ವಸ್ತು ಅದು. ಅದಕ್ಕೇ ಹೇಳುತ್ತೇನೆ, ನಿಮ್ಮ ಹಲಗೆಯ ಹಿಂದಿನ ಪಟ್ಟಿಯೂ ಚಿತ್ರದ ಭಾಗವೇ, ಅದನ್ನು ಚೆನ್ನಾಗಿ ಮಾಡಿಸಿ.

ಹುಣಸೆ ಇದ್ದಿಲು (ಮೈಸೂರು) ಉತ್ತರಿಸಿದ್ದು:

ಕಾಮೊ ದಂಡೆಯವರೇ, ನಾನು ಮೈಸೂರು ಶೈಲಿಯಲ್ಲಿ ಬರೆಯುವವಳು. ನಮ್ಮಲ್ಲಿ ಹಲಗೆ ಕಾಣುವುದೇ ಇಲ್ಲ. ಮೇಲೆ ಬಟ್ಟೆ ಅಥವಾ ಕಾಗದ ಅಂಟಿಸಿ, ನುಣ್ಣಗೆ ಮಾಡಿ, ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಗೀಟು ಹಾಕಿ, ಸಫೇದು (ಬಿಳಿ ಸೀಸದ ಪುಡಿ), ರೇವಲ್ಚಿನ್ನಿ (ಹಳದಿ ಮರದಂಟು) ಅರೆದು ಉಬ್ಬುಗೆಲಸ ಮಾಡಿ, ಚಿನ್ನದ ರೇಕು ಕೂರಿಸುವಷ್ಟರಲ್ಲಿ ಮರ ಯಾವುದೆಂದು ಬರೆದವರಿಗೂ ಮರೆತುಹೋಗಿರುತ್ತದೆ. ಆದ್ದರಿಂದ ನಿಮ್ಮ ಪತ್ರ ನನಗೆ ಬಹಳ ಹೊಸದಾಗಿತ್ತು, ಎರಡು ಸಲ ಓದಿದೆ.

ಓದುವಾಗ ಒಂದು ಕಣ್ಣಿಗೆ ಬಿತ್ತು. ಮೇಲಿನ ಅರ್ಧ ಕೆಂಪು ಚೇಗು, ಹಕ್ಕಿಯ ಮೈ ಅಲ್ಲಿದೆ, ಕಲೆಯೂ ಅಲ್ಲೇ ಎದ್ದಿದೆ. ರೆಕ್ಕೆಗಿಂತ ಕೆಳಗೆ, ಬಿಳಿ ಮರದ ಮೇಲೆ ಬಿಳಿ ಎಲ್ಲಾದರೂ ಬಿದ್ದಿದೆಯೇ, ಅಲ್ಲಿಯೂ ಕಂದಿದೆಯೇ? ಕಂದಿಲ್ಲ ಎಂದಾದರೆ ರಸ ಬರುತ್ತಿರುವುದು ಚೇಗಿನಿಂದ. ಚೇಗಿನಲ್ಲೇ ಅಲ್ಲವೇ ಮರದ ಬಣ್ಣ, ಕಹಿ, ಎಣ್ಣೆ ಎಲ್ಲ ಸೇರಿಕೊಂಡಿರುವುದು.

ಹಲಗೆಯನ್ನು ತಲೆಕೆಳಗು ಮಾಡಿ ನೋಡಿದ್ದೀರಾ?

ಕಾಮೊ ದಂಡೆ ಬರೆದದ್ದು (ಏಳು ವಾರದ ನಂತರ):

ಎಲ್ಲರಿಗೂ ಕೈಮುಗಿಯುತ್ತೇನೆ. ತಡವಾಗಿ ಬರೆಯುತ್ತಿದ್ದೇನೆ, ಆದರೆ ಮಾಡಿ ನೋಡಿಯೇ ಬರೆಯೋಣ ಎಂದು ಕಾದೆ.

ಮೈಸೂರಿನ ಅಕ್ಕ ಕೇಳಿದ ಪ್ರಶ್ನೆ ಓದಿ ಎದ್ದು ಹೋಗಿ ನೋಡಿದೆ. ಕಾಲಿನ ಬುಡದಲ್ಲಿ, ನೀರು ಚಿಮ್ಮುವಲ್ಲಿ, ಬಿಳಿ ಮರದ ಮೇಲೆ ಕಡಲೆ ಗಾತ್ರದ ಎರಡು ಗೊಫುನ್ ಚುಕ್ಕೆ ಇಟ್ಟಿದ್ದೆ. ಅವು ಹಾಲಿನ ಹಾಗೆ ಬೆಳ್ಳಗೆ ಇದ್ದವು. ನಾಲ್ಕು ವಾರ ನಾನು ಕಲೆಯನ್ನೇ ನೋಡುತ್ತಿದ್ದೆ, ಆ ಚುಕ್ಕೆಗಳನ್ನು ನೋಡಿಯೇ ಇರಲಿಲ್ಲ.

ಹಲಗೆ ತಿರುಗಿಸಿದೆ. ಬಿಳಿ ಮರ ಮೇಲೆ ಬಂತು, ಕೆಂಪು ಚೇಗು ಕೆಳಗೆ. ಸಂಜೆ ಐದೂವರೆಗೆ ಕಾಮೊ ನೀರಿನ ಬಣ್ಣ ಅದೇ. ಆದರೆ ನನ್ನ ಕಲ್ಲು ಹೋಯಿತು. ಗಂಟು ಎಡಗಡೆ ಮೇಲಕ್ಕೆ ಹೋಗಿ ಕುಳಿತಿತು, ಹಕ್ಕಿಗೂ ಅದಕ್ಕೂ ಸಂಬಂಧವೇ ಇಲ್ಲದ ಹಾಗೆ. ಆ ಕಲ್ಲಿಗಾಗಿಯೇ ನಾನು ಈ ಹಲಗೆ ಕೊಂಡಿದ್ದು. ಎರಡು ದಿನ ಹೊಟ್ಟೆಯಲ್ಲಿ ಸಂಕಟವಾಯಿತು, ನಿಜ ಹೇಳುತ್ತೇನೆ. ಸೂರ್ಯ ಮಾಡಿ, ಚಂದ್ರ ಮಾಡಿ ಎಂದು ಮನೆಯವರು ಹೇಳಿದರು. ಅದು ಮಾಡಲಿಲ್ಲ. ಗಂಟು ಗಂಟಾಗಿಯೇ ಇದೆ.

ಬಿಳಿಯನ್ನು ಬೆಚ್ಚಗಿನ ಒದ್ದೆ ಬಟ್ಟೆ ಇಟ್ಟು ನೆನೆಸಿ ತೆಗೆದೆ. ಅಂಟಿನ ಬಣ್ಣವಾದ್ದರಿಂದ ಬಿಟ್ಟುಕೊಂಡಿತು. ಆಮೇಲೆ ಊರಾಚೆಯ ಒಬ್ಬ ಪೀಠೋಪಕರಣದವರ ಹತ್ತಿರ ಹೋಗಿ ಅರಿ-ಜಾನ್ ಎಂದೆ. ಅವರು ಹಲಗೆ ಎತ್ತಿ ತುದಿ ನೋಡಿದರು, ಆಚಾರಣ್ಣ ಹೇಳಿದಂತೆಯೇ. ಬಳೆಗಳು ಗುಡ್ಡದ ಹಾಗೇ ಇದ್ದವು. ಗಾಡಿ ತೆಗೆದು ಕೆಯಾಕಿ ಎಂಬ ಗಟ್ಟಿ ಮರದ ಎರಡು ಪಟ್ಟಿ ಕೂರಿಸಿದರು. ಮುಕ್ಕಾಲು ಕೈಯಿಂದ ಹೋಯಿತು, ಕೊನೆಗೆ ಮರದ ಕೊಡತಿಯಿಂದ ನಾಲ್ಕು ಪೆಟ್ಟು. ನಾನು ಎಣಿಸಿದೆ. ಆಮೇಲೆ ಮುಖಕ್ಕೆ ಹತ್ತರಿ. ನಮ್ಮವರು ಹತ್ತರಿಯನ್ನು ಮುಂದಕ್ಕೆ ತಳ್ಳುತ್ತಾರೆ, ಇವರು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ, ಸೊಂಟದಿಂದ ಇಡೀ ಮೈ ಹಿಂದಕ್ಕೆ ಸರಿಯುತ್ತದೆ. ಹಲಗೆಯಷ್ಟೇ ಉದ್ದದ ಒಂದೇ ಹೊಟ್ಟು ಬಂತು, ಅದನ್ನು ಬೆಳಕಿಗೆ ಹಿಡಿದರೆ ಆಚೆಗಿನ ಕಿಟಕಿ ಕಾಣುತ್ತಿತ್ತು. ಕೇಳಿ ತಂದು ಪುಸ್ತಕದಲ್ಲಿ ಇಟ್ಟುಕೊಂಡಿದ್ದೇನೆ. ಮೀನಿನ ಮುಳ್ಳು ನಾಲ್ಕನೇ ಎಳೆತಕ್ಕೆ ಪೂರ್ತಿ ಹೋಯಿತು.

ಅವರೇ ಇನ್ನೊಂದು ತೋರಿಸಿಕೊಟ್ಟರು, ಉಜುಕುರಿ ಎಂಬ ಕುಂಚ. ಕರುಕಾಯಾ ಎಂಬ ಹುಲ್ಲಿನ ಬೇರನ್ನು ಕಟ್ಟಿ ಮಾಡಿದ್ದು, ನಮ್ಮ ಲಾವಂಚದ ಬೇರಿನ ಹಾಗೆ ಒರಟು. ಅದರಿಂದ ಎಳೆಯ ಉದ್ದಕ್ಕೆ ತಿಕ್ಕಿದರೆ ಮೆತ್ತನೆ ಪದರ ತಗ್ಗಿ ಗಟ್ಟಿ ಗೆರೆ ಎದ್ದು ನಿಲ್ಲುತ್ತದೆ. ಕೆಳಗಿನ ಕೆಂಪು ಅರ್ಧಕ್ಕೆ ಮಾತ್ರ ತಿಕ್ಕಿದೆ, ಅಲ್ಲಿ ಬರೆಯುವುದು ಕಾಲು ಮಾತ್ರ. ಈಗ ಕಣ್ಣು ಮುಚ್ಚಿ ಬೆರಳಾಡಿಸಿದರೂ ನೀರು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತದೆ.

ತುಂಡುಗಳ ಮೇಲೆ ಮಾಡಿದ ಪರೀಕ್ಷೆ: ಚೇಗಿನ ಮೇಲೆ ಎರಡು ಲೇಪ ದೋಸಾ, ಮೇಲೆ ಬಿಳಿ. ಹತ್ತು ದಿನಕ್ಕೆ ತಿಳಿ ಹಳದಿ. ಅರಗು ಹಾಕಿದ ತುಂಡಿನಲ್ಲಿ ಬಿಳಿ ಬಿಳಿಯಾಗಿಯೇ ಉಳಿಯಿತು, ಆಟಿಕೆ ಊರಿನ ಅಣ್ಣ ಹೇಳಿದ್ದು ಸುಳ್ಳಲ್ಲ, ಆದರೆ ಅಂಚಿನಲ್ಲಿ ಹೊಳಪು ಇಣುಕಿತು. ಬಿಳಿ ಮರದ ಮೇಲೆ ಮೂರು ಲೇಪ ದೋಸಾ ಕೊಟ್ಟದ್ದು ಇಂದಿಗೂ ಹಾಗೇ ಇದೆ. ಅದನ್ನೇ ಮಾಡಿದೆ, ಹಿಂದೆ ಮುಂದೆ ಎರಡೂ ಕಡೆ. ಕಾಲಿನ ಗೆರೆ ಈ ಸಲ ಹರಿಯಲಿಲ್ಲ. ಹಳದಿ ಬೆರಳು ಮೂರು ಬರೆದೆ, ನಾಲ್ಕನೆಯದು ಎದ್ದ ಗೆರೆಯ ಹಿಂದೆ ಮರೆಯಾಗಿದೆ.

ಹೋದ ಭಾನುವಾರ ಬಟ್ಟೆಯಲ್ಲಿ ಸುತ್ತಿಕೊಂಡು ಗುರುಗಳ ಮನೆಗೆ ಹೋಗಿದ್ದೆ. ಈಗ ಎದ್ದು ಕೂರುತ್ತಾರೆ. ಬಟ್ಟೆ ಬಿಚ್ಚಿ ಮುಂದಿಟ್ಟರೆ ಅವರು ಮೊದಲು ಹಲಗೆಯನ್ನು ಮಗುಚಿದರು. ಹಿಂದಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ, ಅದು ಒಂದು ಕೂದಲಿನಷ್ಟು ಸರಿದದ್ದನ್ನು ನೋಡಿ ಹೂಂಗುಟ್ಟಿದರು. ಆಮೇಲೆ ಮುಂಭಾಗ ತಿರುಗಿಸಿ, ಗಂಟಿನ ಮೇಲೆ ಕೈಯಿಟ್ಟು, ಇದು ಇಲ್ಲಿ ಇರಲಿ ಎಂದರು. ಹಕ್ಕಿಯ ಬಗ್ಗೆ ಏನೂ ಹೇಳಲಿಲ್ಲ. ಎಡ ರೆಕ್ಕೆಯ ಅಂಚು ಗಟ್ಟಿಯಾಗಿದೆ ಎಂದು ನನಗೇ ಗೊತ್ತು, ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಆಚಾರಣ್ಣ, ಒಂದು ಕೇಳುವುದಿದೆ. ಜೂನಿನಲ್ಲಿ ಇಲ್ಲಿ ಮಳೆ ಹಿಡಿಯುತ್ತದೆ, ಗೋಡೆಯೂ ಬೆವರುತ್ತದೆ. ಪಟ್ಟಿ ಗಾಡಿಯಲ್ಲಿ ಕಚ್ಚಿಕೊಂಡರೆ ಎಣ್ಣೆ ಬಿಡಲೇ?

ಸಾಗರದ ಆಚಾರಿ ಉತ್ತರಿಸಿದ್ದು:

ಎಣ್ಣೆ ಬೇಡ ತಂಗೀ, ಹಲಗೆ ಕುಡಿದು ಮುಂದೆ ಕಲೆ ಬರುತ್ತದೆ. ಈಗಲೇ, ಒಣ ದಿನ ನೋಡಿ ಪಟ್ಟಿ ಹೊರಗೆಳೆದು ಅದರ ಎರಡು ಪಕ್ಕಕ್ಕೆ ಜೇನುಮೇಣ ತಿಕ್ಕಿ ಮತ್ತೆ ತೂರಿಸು. ಹಲಗೆಗಲ್ಲ, ಪಟ್ಟಿಗೆ. ಮತ್ತೆ ಗೋಡೆಗೆ ಒತ್ತಿ ತೂಗುಹಾಕಬೇಡ, ಹಿಂದೆ ಒಂದು ಬೆರಳು ಗಾಳಿ ಆಡಲಿ.